ಐವರು ಸದಸ್ಯರು, 1.37 ಲಕ್ಷ ಜನ: ಅಮೆರಿಕದ ನಗರಸಭೆ ನಡೆಯುವುದು ಹೇಗೆ?

ನುಳ್ಳಿಪ್ಪಾಡಿ ಟೀಚರ್ (ಪ್ರಶ್ನೆ)

ಹೈಸ್ಕೂಲು ಕನ್ನಡ ಮಾಧ್ಯಮದ ಮಕ್ಕಳಿಗೆ ಸ್ಥಳೀಯ ಆಡಳಿತದ ಬಗ್ಗೆ ಒಂದು ಹೋಲಿಕೆ ತಯಾರು ಮಾಡ್ಲಿಕ್ಕುಂಟು. ಒಂದು ಬದಿಯಲ್ಲಿ ನಮ್ಮ ಕಾಸರಗೋಡು ನಗರಸಭೆ, ಇನ್ನೊಂದು ಬದಿಯಲ್ಲಿ ಅಮೆರಿಕದ ಒಂದು ಮಧ್ಯಮ ಗಾತ್ರದ ಊರು. ನ್ಯೂಯಾರ್ಕ್, ಶಿಕಾಗೊ ಬೇಡ, ಅವು ನಮ್ಮ ಅಳತೆಗೆ ಸಿಕ್ಕುವಂಥವಲ್ಲ. ಓಹಾಯೊ ರಾಜ್ಯದ ಡೇಟನ್ ತೆಗೆದುಕೊಂಡಿದ್ದೇನೆ. 2020ರ ಜನಗಣತಿಯ ಪ್ರಕಾರ ಅಲ್ಲಿ 1,37,644 ಜನ.

ಮೊದಲ ಲೆಕ್ಕದಲ್ಲೇ ಸಂಶಯ ಬಂತು. ಕಾಸರಗೋಡು ನಗರಸಭೆಯಲ್ಲಿ 2011ರಲ್ಲಿ 54,172 ಜನ, 2020ರ ಚುನಾವಣೆಗೆ 38 ವಾರ್ಡು. ಹೆಚ್ಚುಕಮ್ಮಿ 1,425 ಮಂದಿಗೆ ಒಬ್ಬ ಕೌನ್ಸಿಲರ್. ಡೇಟನ್ನಿನಲ್ಲಿ ಮೇಯರ್ ಸೇರಿ ಒಟ್ಟು ಐವರೇ. 27,500 ಜನಕ್ಕೆ ಒಬ್ಬರು! ಅದೂ ವಾರ್ಡು ಅಂತ ಇಲ್ಲ, ಐವರನ್ನೂ ಇಡೀ ಊರೇ ಸೇರಿ ಆರಿಸುವುದಂತೆ.

ಹಾಗಾದರೆ ಅಲ್ಲಿ ಚರಂಡಿ ಬ್ಲಾಕ್ ಆದರೆ ಜನ ಯಾರನ್ನು ಹಿಡಿಯುವುದು? ಮೇಯರಿಗೆ ನಮ್ಮ ಚೇರ್ಮನ್‌ಗಿಂತ ಅಧಿಕಾರ ಜಾಸ್ತಿಯಾ, ಕಮ್ಮಿಯಾ? ಹಣ ಮೇಲಿಂದ ಬರ್ತದಾ, ಅವರೇ ಎತ್ತುವುದಾ? ಪಠ್ಯಪುಸ್ತಕದ ಮಾತು ಬೇಡ, ಕೆಲಸ ನಡೆಯುವ ಕ್ರಮ ಗೊತ್ತಿದ್ದವರು ಹೇಳಿದರೆ ಉಪಕಾರ.

---

ಚಂದ್ರಗಿರಿ ದಡ

ಟೀಚರ್, ನಿಮ್ಮ ಭಾಗಾಕಾರ ಸರಿ ಉಂಟು. ಆದರೆ ಒಂದು ಬದಿಯಲ್ಲಿ ತೆಂಗಿನಕಾಯಿ, ಇನ್ನೊಂದು ಬದಿಯಲ್ಲಿ ಅಡಿಕೆ ಇಟ್ಟು ಲೆಕ್ಕ ಹಾಕಿದ ಹಾಗಾಯಿತು. ನಮ್ಮ ಕೌನ್ಸಿಲರ್ ವಾರ್ಡಿನ ಪ್ರತಿನಿಧಿಯೂ ಹೌದು, ದೂರು ಕೇಳುವವರೂ ಹೌದು, ಕಾಮಗಾರಿ ನೋಡಿಕೊಳ್ಳುವವರೂ ಹೌದು, ಪಿಂಚಣಿ ಅರ್ಜಿಯ ಹಿಂದೆ ಓಡುವವರೂ ಅವರೇ. ಡೇಟನ್ನಿನ ಐವರು ಇದ್ಯಾವುದನ್ನೂ ಮಾಡುವುದಿಲ್ಲ, ಮಾಡಬಾರದು ಅಂತಲೇ ಕಟ್ಟಿದ ವ್ಯವಸ್ಥೆ ಅದು. ಒಂದು ಸಹಕಾರಿ ಬ್ಯಾಂಕಿನ ನಿರ್ದೇಶಕ ಮಂಡಳಿ ನೆನಪು ಮಾಡಿಕೊಳ್ಳಿ. ನಿರ್ದೇಶಕರು ಕೌಂಟರಿನಲ್ಲಿ ಕೂತು ಸಾಲ ಕೊಡುವುದಿಲ್ಲ. ಮ್ಯಾನೇಜರನ್ನು ನೇಮಿಸುತ್ತಾರೆ, ಬಜೆಟ್ ಪಾಸು ಮಾಡುತ್ತಾರೆ, ನಿಯಮ ಹಾಕುತ್ತಾರೆ, ಸರಿಯಾಗದಿದ್ದರೆ ಮ್ಯಾನೇಜರನ್ನು ಮನೆಗೆ ಕಳುಹಿಸುತ್ತಾರೆ. ಈ ಮಾದರಿಯ ಹೆಸರೇ ಕೌನ್ಸಿಲ್–ಮ್ಯಾನೇಜರ್ ಪದ್ಧತಿ.

ನೀವು ಡೇಟನ್ ಆರಿಸಿದ್ದು ಒಳ್ಳೆಯದೇ ಆಯಿತು. ಮ್ಯಾನೇಜರನ್ನು ಇಡುವ ಪ್ರಯೋಗ ಶುರುವಾದದ್ದು 1908ರಲ್ಲಿ ವರ್ಜೀನಿಯಾದ ಸ್ಟಾಂಟನ್ನಿನಲ್ಲಿ, 1912ರಲ್ಲಿ ದಕ್ಷಿಣ ಕೆರೊಲಿನಾದ ಸಮ್ಟರ್ ಅದನ್ನು ಪೂರ್ತಿ ಒಪ್ಪಿಕೊಂಡಿತು. ಆದರೆ ದೊಡ್ಡ ಊರೊಂದರಲ್ಲಿ ಮೊದಲು ನಿಂತದ್ದು ಡೇಟನ್ನಿನಲ್ಲಿ. ಕಾರಣ ಎರಡು. 1912ರ ಸೆಪ್ಟೆಂಬರಿನಲ್ಲಿ ಓಹಾಯೊ ತನ್ನ ಸಂವಿಧಾನ ತಿದ್ದಿ ಊರುಗಳಿಗೆ ತಮ್ಮದೇ ಚಾರ್ಟರ್, ಅಂದರೆ ಊರಿನ ಆಡಳಿತದ ಮೂಲ ನಿಯಮಪತ್ರ, ಬರೆದುಕೊಳ್ಳುವ ಹಕ್ಕು ಕೊಟ್ಟಿತು. ಮರುವರ್ಷ ಮಾರ್ಚಿನಲ್ಲಿ ಗ್ರೇಟ್ ಮಯಾಮಿ ನದಿಯ ನೆರೆ ಊರನ್ನೇ ಮುಳುಗಿಸಿತು, ಆ ಬಯಲಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಹಳೆಯ ಪಕ್ಷ ರಾಜಕಾರಣದ ಆಡಳಿತಕ್ಕೆ ಪರಿಹಾರ ಕೆಲಸ ನಿಭಾಯಿಸ್ಲಿಕ್ಕೆ ಆಗಲಿಲ್ಲ. ಕ್ಯಾಶ್ ರಿಜಿಸ್ಟರ್ ಕಾರ್ಖಾನೆಯ ಜಾನ್ ಪ್ಯಾಟರ್ಸನ್ ತನ್ನ ಕಾರ್ಖಾನೆಯಲ್ಲೇ ದೋಣಿ ಕಟ್ಟಿಸಿ ಜನರನ್ನು ಎತ್ತಿದ. ಊರನ್ನೂ ಕಂಪನಿಯ ಹಾಗೆ ನಡೆಸಬೇಕು ಅಂತ ವಾದ ಮಾಡುತ್ತಿದ್ದವನಿಗೆ ಅದರ ನಂತರ ಬಲ ಬಂತು. 1914ರ ಜನವರಿಯಲ್ಲಿ ಮೊದಲ ಮ್ಯಾನೇಜರ್ ಹೆನ್ರಿ ವೇಟ್ ಕೆಲಸಕ್ಕೆ ಕೂತ. ರಾಜಕಾರಣಿ ಅಲ್ಲ, ಇಂಜಿನಿಯರ್. ಆ ಊರಿನವನೂ ಅಲ್ಲ, ಸಿನ್ಸಿನಾಟಿಯಿಂದ ಕರೆಸಿದ್ದು.

ಈಗ ನಿಮ್ಮ ಚರಂಡಿಗೆ ಬರುವಾ. ಜನ ನಗರಸಭೆಯ ನಂಬರಿಗೆ ಫೋನು ಮಾಡ್ತಾರೆ ಅಥವಾ ಆ್ಯಪಿನಲ್ಲಿ ಹಾಕ್ತಾರೆ. ಅದು ಲೋಕೋಪಯೋಗಿ ವಿಭಾಗಕ್ಕೆ ಹೋಗಿ ಒಂದು ಕೆಲಸದ ಚೀಟಿಯಾಗ್ತದೆ. ದುರಸ್ತಿಯ ಖರ್ಚು ಆ ವಿಭಾಗದ ವರ್ಷದ ಬಜೆಟಿನೊಳಗೆ ಮುಗಿಯುವುದಾದರೆ ಐವರು ಸದಸ್ಯರಿಗೆ ವಿಷಯವೇ ಗೊತ್ತಾಗುವುದಿಲ್ಲ, ಗೊತ್ತಾಗುವ ಅಗತ್ಯವೂ ಇಲ್ಲ. ಯಾರಾದರೂ ಸದಸ್ಯರಿಗೇ ಫೋನು ಮಾಡಿದರೆ ಅವರು ಮ್ಯಾನೇಜರ್ ಕಚೇರಿಗೆ ದಾಟಿಸುತ್ತಾರೆ. ನೇರ ಇಂಜಿನಿಯರಿಗೆ ಫೋನು ಹಾಕಿ "ನಾಳೆ ಬೆಳಗ್ಗೆ ಆಗಬೇಕು" ಅನ್ನುವ ಹಾಗಿಲ್ಲ. ಇಂಥ ಚಾರ್ಟರ್‌ಗಳಲ್ಲಿ ಸಾಮಾನ್ಯವಾಗಿ ಒಂದು ಕಲಮು ಇರ್ತದೆ: ವಿಚಾರಣೆ ಮಾಡುವ ಸಂದರ್ಭ ಬಿಟ್ಟರೆ, ಸದಸ್ಯರು ನೌಕರರೊಂದಿಗೆ ವ್ಯವಹರಿಸುವುದು ಮ್ಯಾನೇಜರ್ ಮೂಲಕವೇ. ಇಂಥವರನ್ನು ಕೆಲಸಕ್ಕೆ ತೆಗೆದುಕೊಳ್ಳಿ, ಇಂಥವರನ್ನು ತೆಗೆಯಿರಿ ಅಂತ ಹೇಳುವ ಹಾಗೂ ಇಲ್ಲ.

ಇದು ಎಷ್ಟು ಬಿಗಿ ಅಂತ ತೋರಿಸ್ಲಿಕ್ಕೆ ಮಕ್ಕಳಿಗೆ ಈ ಉದಾಹರಣೆ ಕೊಡಿ. ಶಾಲೆಯ ಹತ್ತಿರದ ನಾಲ್ಕು ದಾರಿ ಸೇರುವಲ್ಲಿ ನಾಲ್ಕೂ ಕಡೆ 'ಸ್ಟಾಪ್' ಫಲಕ ಬೇಕು ಅಂತ ಐವತ್ತು ತಾಯಂದಿರು ಸಭೆಗೆ ಬಂದರು ಅಂತ ಇಟ್ಟುಕೊಳ್ಳಿ. ನಮ್ಮಲ್ಲಾದರೆ "ಹಾಕಿಸ್ತೇವೆ" ಅಂತ ಭರವಸೆ ಅಲ್ಲೇ ಸಿಗ್ತದೆ. ಅಲ್ಲಿ ಟ್ರಾಫಿಕ್ ಇಂಜಿನಿಯರ್ ದೇಶಕ್ಕೆಲ್ಲ ಒಂದೇ ಆದ ಸಂಚಾರ ಫಲಕಗಳ ಕೈಪಿಡಿ ತೆಗೆದು ಎಣಿಸ್ತಾನೆ. ಮುಖ್ಯ ರಸ್ತೆಯಲ್ಲಿ ದಿನದ 8 ಗಂಟೆ, ಗಂಟೆಗೆ ಸರಾಸರಿ 300 ವಾಹನ ಉಂಟಾ? ಅಡ್ಡರಸ್ತೆಯಲ್ಲಿ ವಾಹನ, ಪಾದಚಾರಿ, ಸೈಕಲ್ ಸೇರಿ ಗಂಟೆಗೆ 200 ಉಂಟಾ? ಅಥವಾ ಆ ಫಲಕದಿಂದ ತಪ್ಪಬಹುದಾದ ಅಪಘಾತ 12 ತಿಂಗಳಲ್ಲಿ ಐದು ಆಗಿದೆಯಾ? ಯಾವುದೂ ಇಲ್ಲ ಅಂತಾದರೆ ವರದಿ 'ಬೇಡ' ಅಂತ ಬರ್ತದೆ. ಸದಸ್ಯರು ಅದನ್ನು ಮೀರಿ ಹಾಕಿಸಿದರು, ನಾಳೆ ಅಲ್ಲೇ ಅಪಘಾತ ಆಯಿತು ಅಂದರೆ, ಇಂಜಿನಿಯರ್ ಬೇಡ ಅಂದ ಕಾಗದ ಎದುರು ಪಕ್ಷದ ವಕೀಲನ ಕೈಗೆ ಸಿಗ್ತದೆ. ಹಾಗಾಗಿ ಹೆಚ್ಚಿನವರು ಮೀರುವುದಿಲ್ಲ.

ಮೇಯರಿನ ಅಧಿಕಾರ ಕೇಳಿದಿರಿ. ಡೇಟನ್ನಿನಲ್ಲಿ ಮೇಯರ್ ಸಭೆಯ ಅಧ್ಯಕ್ಷತೆ ವಹಿಸ್ತಾರೆ, ಐದರಲ್ಲಿ ಒಂದು ಮತ ಹಾಕ್ತಾರೆ, ಊರಿನ ಮುಖವಾಗಿ ನಿಲ್ತಾರೆ. ವೀಟೋ ಇಲ್ಲ. ನಮ್ಮ ಚೇರ್ಮನ್‌ಗಿಂತ ಒಂದು ಹೆಚ್ಚು, ಒಂದು ಕಮ್ಮಿ. ನೇರ ಜನರಿಂದ ಆಯ್ಕೆಯಾಗುವುದರಿಂದ ಸದಸ್ಯರು ಅವಿಶ್ವಾಸ ತಂದು ಇಳಿಸ್ಲಿಕ್ಕಾಗುವುದಿಲ್ಲ. ಆದರೆ ಕಾರ್ಯಾಂಗದ ಮೇಲೆ ನೇರ ಹಿಡಿತವೂ ಇಲ್ಲ. ಅವಧಿ ನಾಲ್ಕು ವರ್ಷ, ಮತಪತ್ರದಲ್ಲಿ ಪಕ್ಷದ ಹೆಸರಿಲ್ಲ. ಐವರ ಚುನಾವಣೆಯೂ ಒಟ್ಟಿಗೆ ಬರುವುದಿಲ್ಲ. ಒಂದು ಬೆಸ ವರ್ಷದಲ್ಲಿ ಮೇಯರ್ ಮತ್ತು ಇಬ್ಬರು, ಮುಂದಿನ ಬೆಸ ವರ್ಷದಲ್ಲಿ ಉಳಿದಿಬ್ಬರು. ಒಂದೇ ಗಾಳಿಗೆ ಎಲ್ಲರೂ ಹಾರಿಹೋಗಬಾರದು ಅಂತ.

---

ನುಳ್ಳಿಪ್ಪಾಡಿ ಟೀಚರ್

ಸ್ಪಷ್ಟ ಆಯಿತು. ಹಾಗಾದರೆ ಸಿಟಿ ಮ್ಯಾನೇಜರ್ ಅಂದರೆ ನಮ್ಮ ನಗರಸಭೆಯ ಸೆಕ್ರೆಟರಿ ಅಂತ ಬರೆಯಬಹುದಾ?

---

ಚಂದ್ರಗಿರಿ ದಡ

ಬರೆಯಬೇಡಿ ಟೀಚರ್, ಅಲ್ಲೇ ದೊಡ್ಡ ವ್ಯತ್ಯಾಸ ಇರುವುದು. ನಮ್ಮ ಸೆಕ್ರೆಟರಿಯನ್ನು ನೇಮಿಸುವುದು, ವರ್ಗ ಮಾಡುವುದು ರಾಜ್ಯ ಸರ್ಕಾರ. ಕೌನ್ಸಿಲಿಗೆ ಅವರು ಬೇಡವಾದರೂ ತಿರುವನಂತಪುರದ ಆದೇಶ ಬರಬೇಕು. ಅಲ್ಲಿ ಮ್ಯಾನೇಜರನ್ನು ಕೌನ್ಸಿಲೇ ಜಾಹೀರಾತು ಕೊಟ್ಟು, ಸಂದರ್ಶನ ಮಾಡಿ, ಕರಾರು ಬರೆದು ತರುವುದು. ಡೇಟನ್ನಿನ ಹಾಗೆ ಐವರಿದ್ದರೆ ಮೂವರು ಒಂದಾದ ದಿನ ಅವನ ಕೆಲಸ ಹೋಯಿತು. ಪೊಲೀಸ್ ಮುಖ್ಯಸ್ಥ, ಅಗ್ನಿಶಾಮಕ ಮುಖ್ಯಸ್ಥ, ನೀರಿನ ವಿಭಾಗದ ನಿರ್ದೇಶಕ ಎಲ್ಲ ಆ ಮ್ಯಾನೇಜರ್ ನೇಮಿಸಿದವರೇ. ಹೌದು, ಪೊಲೀಸು ಅಲ್ಲಿ ನಗರಸಭೆಯದ್ದೇ. ಮಕ್ಕಳಿಗೆ ಆಶ್ಚರ್ಯ ಆಗುವುದು ಇದಕ್ಕೇ. ತಿರುಗಿ ನೋಡಿದರೆ ಶಾಲೆ ನಗರಸಭೆಯದ್ದಲ್ಲ. ಅದಕ್ಕೆ ಬೇರೆಯೇ ಶಾಲಾ ಮಂಡಳಿ, ಬೇರೆ ಚುನಾವಣೆ, ಬೇರೆ ತೆರಿಗೆ. ದೊಡ್ಡ ಕೋರ್ಟು, ಆಸ್ತಿ ದಾಖಲೆ, ಚುನಾವಣೆ ನಡೆಸುವುದು ಕೌಂಟಿಯ ಮಟ್ಟದಲ್ಲಿ, ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ.

---

ಖಾತೆ ಪುಸ್ತಕ

ಹಣದ ಪ್ರಶ್ನೆಗೆ ಯಾರೂ ಕೈ ಹಾಕಲಿಲ್ಲ, ನಾನು ಹೇಳ್ತೇನೆ. ನಿಜ ಹೇಳಬೇಕೆಂದರೆ ಕೌನ್ಸಿಲಿನ ಅಧಿಕಾರ ಅಂತ ಇರುವುದು ಇಲ್ಲೇ, ಉಳಿದದ್ದೆಲ್ಲ ಮಾತು.

ನಮ್ಮಲ್ಲಿ ಅಭಿವೃದ್ಧಿ ನಿಧಿ, ನಿರ್ವಹಣಾ ನಿಧಿ, ಸಾಮಾನ್ಯ ಉದ್ದೇಶದ ನಿಧಿ ಅಂತ ಮೂರು ಬಗೆಯಲ್ಲಿ ರಾಜ್ಯದಿಂದ ಬರ್ತದೆ, ಯೋಜನೆಗೆ ಜಿಲ್ಲಾ ಯೋಜನಾ ಸಮಿತಿಯ ಒಪ್ಪಿಗೆ ಬೇಕು. ಡೇಟನ್ನಿಗೆ ಹಾಗೆ ಒಪ್ಪಿಗೆ ಕೊಡುವ ಮೇಲಿನವರಿಲ್ಲ. ಹಾಗೆಯೇ ಮೇಲಿನಿಂದ ಬರುವ ದೊಡ್ಡ ಹಣವೂ ಇಲ್ಲ. ಓಹಾಯೊ ರಾಜ್ಯ ಸ್ಥಳೀಯ ಸಂಸ್ಥೆಗಳಿಗೆ ಕೊಡುತ್ತಿದ್ದ ನಿಧಿಯನ್ನು 2011ರ ಬಜೆಟಿನಲ್ಲಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಸಿತು. ಸತ್ತವರ ಆಸ್ತಿಯ ಮೇಲಿನ ತೆರಿಗೆಯಲ್ಲಿ ದೊಡ್ಡ ಪಾಲು ಊರುಗಳಿಗೆ ಹೋಗುತ್ತಿತ್ತು, 2013ರಿಂದ ಆ ತೆರಿಗೆಯೇ ಇಲ್ಲ.

ಓಹಾಯೊದ ಊರುಗಳು ಮುಖ್ಯವಾಗಿ ಬದುಕುವುದು ಆದಾಯ ತೆರಿಗೆಯಲ್ಲಿ. ಕೇಂದ್ರದ ತೆರಿಗೆ ಅಲ್ಲ, ನಗರಸಭೆಯೇ ಹಾಕುವ ಆದಾಯ ತೆರಿಗೆ! ಡೇಟನ್ನಿನಲ್ಲಿ 2.25 ಶೇಕಡಾ ಇತ್ತು, 2016ರ ನವೆಂಬರಿನಲ್ಲಿ ಜನಮತಕ್ಕೆ ಹಾಕಿ 2.5 ಮಾಡಿದರು. 50,000 ಡಾಲರ್ ಸಂಬಳಕ್ಕೆ ವರ್ಷಕ್ಕೆ 1,250 ಡಾಲರ್. ಇದನ್ನು ಕೊಡುವುದು ವಾಸ ಮಾಡುವವರು ಮಾತ್ರ ಅಲ್ಲ, ಹೊರಗಿನಿಂದ ಬಂದು ಅಲ್ಲಿ ಕೆಲಸ ಮಾಡುವವರೂ. ತೊಡಕು ಇರುವುದೂ ಇಲ್ಲೇ. ಹೊರ ಊರಿನವನು ಮನೆಯಲ್ಲೇ ಕೂತು ಕೆಲಸ ಮಾಡಿದರೆ ಕೆಲಸದ ಜಾಗ ಬದಲಾಯಿತು, ಡೇಟನ್ನಿನ ತೆರಿಗೆ ತಪ್ಪಿತು. ಆಫೀಸು ಕಟ್ಟಡ ಖಾಲಿಯಾದರೆ ನಗರಸಭೆಯ ಖಜಾನೆಯೂ ಖಾಲಿ.

ಇನ್ನು ಆಸ್ತಿ ತೆರಿಗೆ. ಅಲ್ಲಿ ಅಳತೆ 'ಮಿಲ್', ಅಂದರೆ ಸಾವಿರಕ್ಕೆ ಒಂದು. ಮನೆಯ ಪೇಟೆ ಬೆಲೆಯ 35 ಶೇಕಡಾವನ್ನು ತೆರಿಗೆ ಬೆಲೆ ಅಂತ ಹಿಡಿಯುತ್ತಾರೆ. ಒಂದು ಲಕ್ಷ ಡಾಲರಿನ ಮನೆಗೆ ತೆರಿಗೆ ಬೆಲೆ 35,000, ಒಂದು ಮಿಲ್ ಅಂದರೆ 35 ಡಾಲರ್. ಜನರನ್ನು ಕೇಳದೆ ಹಾಕಬಹುದಾದದ್ದು ಒಟ್ಟು 10 ಮಿಲ್ ಮಾತ್ರ, ಅಂದರೆ ಈ ಮನೆಗೆ 350 ಡಾಲರ್. ಅದನ್ನೂ ನಗರಸಭೆ ಒಂದೇ ನುಂಗುವ ಹಾಗಿಲ್ಲ, ಕೌಂಟಿ, ಶಾಲಾ ಮಂಡಳಿ ಎಲ್ಲ ಹಂಚಿಕೊಳ್ಳಬೇಕು. ಅದಕ್ಕಿಂತ ಮೇಲೆ ಒಂದು ಮಿಲ್ ಬೇಕಾದರೂ ಮತಪತ್ರದಲ್ಲಿ ಹಾಕಿ ಕೇಳಬೇಕು. ಮತದಾರ "ಬೇಡ" ಅಂದರೆ ಮುಗಿಯಿತು. ಅಗ್ನಿಶಾಮಕ ಠಾಣೆ ಮುಚ್ಚುವುದಾ ಇಡುವುದಾ ಅನ್ನುವುದು ಹೀಗೆ ಮತಪೆಟ್ಟಿಗೆಯಲ್ಲಿ ತೀರ್ಮಾನವಾದ ಊರುಗಳುಂಟು.

ಖರ್ಚಿನ ಬದಿಯಲ್ಲಿ ಒಂದು ಕಾಗದದ ಬಗ್ಗೆ ಹೇಳಲೇಬೇಕು. ಓಹಾಯೊ ಕಾನೂನಿನಲ್ಲಿ ಯಾವ ಗುತ್ತಿಗೆಗೂ ಹಣಕಾಸು ಅಧಿಕಾರಿಯ ಪ್ರಮಾಣಪತ್ರ ಅಂಟಿರಬೇಕು: "ಈ ಕೆಲಸಕ್ಕೆ ಬೇಕಾದ ಹಣ ಮಂಜೂರಾಗಿದೆ, ಖಾತೆಯಲ್ಲಿ ಉಂಟು ಅಥವಾ ಬರುವುದರಲ್ಲಿದೆ, ಬೇರೆ ಯಾವುದಕ್ಕೂ ಕೊಟ್ಟಿಲ್ಲ." ಅದು ಇಲ್ಲದ ಗುತ್ತಿಗೆ ಅಸಿಂಧು. ಕೆಲಸ ಮುಗಿಸಿದ ಗುತ್ತಿಗೆದಾರ ಕೋರ್ಟಿಗೆ ಹೋದರೂ ಹಣ ಸಿಗುವುದು ಕಷ್ಟ. ಮರೆತುಹೋಗಿದ್ದರೆ ಒಂದು ಕಿರುದಾರಿ ಉಂಟು, "ಕರಾರು ಮಾಡಿದ ದಿನವೂ ಹಣ ಇತ್ತು, ಇವತ್ತೂ ಉಂಟು" ಅಂತ ತಡವಾಗಿ ಬರೆದುಕೊಡಬಹುದು. ಆದರೆ ಅಂಥ ಕಾಗದ ಜಾಸ್ತಿ ಕಂಡರೆ ರಾಜ್ಯದ ಆಡಿಟರ್ ವರದಿಯಲ್ಲಿ ಕೆಂಪು ಗೆರೆ. ನಮ್ಮಲ್ಲಿ ಮಾರ್ಚ್ ತಿಂಗಳಲ್ಲಿ ಬಿಲ್ಲು ಕ್ಯೂ ನಿಲ್ಲುವ ಚಂದ ನೋಡಿದವರಿಗೆ ಈ ಒಂದು ಸಹಿಯ ಬೆಲೆ ಗೊತ್ತಾಗ್ತದೆ.

ಅಲ್ಲಿ ಆರ್ಥಿಕ ವರ್ಷ ಜನವರಿಯಿಂದ ಡಿಸೆಂಬರ್. (ಇದು ಓಹಾಯೊದ ಊರುಗಳಿಗೆ. ಬೇರೆ ಎಷ್ಟೋ ರಾಜ್ಯಗಳಲ್ಲಿ ಜುಲೈ 1ರಿಂದ, ಟೆಕ್ಸಸ್ಸಿನಲ್ಲಿ ಅಕ್ಟೋಬರ್ 1ರಿಂದ ಸಾಮಾನ್ಯ.) ವರ್ಷದ ಶುರುವಿಗೆ ಪೂರ್ತಿ ಬಜೆಟ್ ಆಗದಿದ್ದರೆ ತಾತ್ಕಾಲಿಕ ಮಂಜೂರಾತಿಯಲ್ಲಿ ಏಪ್ರಿಲ್ 1ರ ತನಕ ದೂಡಬಹುದು. ಬಜೆಟ್ ಕರಡು ಮ್ಯಾನೇಜರನದ್ದು, ತಿದ್ದುವ ಹಕ್ಕು ಕೌನ್ಸಿಲಿನದ್ದು. ಆದರೆ ತಿದ್ದಲಿಕ್ಕೆ ಸಿಗುವ ಜಾಗ ಬಹಳ ಕಮ್ಮಿ. ಸಾಮಾನ್ಯ ನಿಧಿಯ ದೊಡ್ಡ ತುಂಡು ಪೊಲೀಸು ಮತ್ತು ಅಗ್ನಿಶಾಮಕದ ಸಂಬಳಕ್ಕೆ ಹೋಗ್ತದೆ. ಅವರಿಗೆ ಮುಷ್ಕರ ಮಾಡುವ ಹಕ್ಕಿಲ್ಲ, ಬದಲಿಗೆ ಸಂಧಾನ ಮುರಿದರೆ ಹೊರಗಿನ ಮಧ್ಯಸ್ಥಗಾರ ತೀರ್ಪು ಕೊಡ್ತಾನೆ, ಅದು ಎರಡೂ ಕಡೆಗೆ ಬದ್ಧ. ಸಂಬಳ ಎಷ್ಟು ಏರಬೇಕು ಅಂತ ಮೂರನೆಯವನು ಹೇಳಿದ ಮೇಲೆ ಐವರು ಕೂತು ಏನು ಕತ್ತರಿಸುವುದು? ಪಾರ್ಕು, ಲೈಬ್ರರಿ, ರಸ್ತೆ ಡಾಮರು ಅಂತ ಹುಡುಕಬೇಕು, ಅದರಲ್ಲೂ ಲೈಬ್ರರಿ ಹೆಚ್ಚಾಗಿ ಬೇರೆ ಸಂಸ್ಥೆ. ನೀರಿನ ಬಿಲ್ಲಿನಿಂದ ಬಂದ ಹಣ ತೆಗೆದು ರಸ್ತೆಯ ಹೊಂಡ ಮುಚ್ಚುವ ಹಾಗಿಲ್ಲ, ಅದು ನೀರಿನ ನಿಧಿಯಲ್ಲೇ ಇರಬೇಕು.

ಕೇಂದ್ರದಿಂದ ನೇರ ಬರುವುದು ಸಮುದಾಯ ಅಭಿವೃದ್ಧಿ ಅನುದಾನ, 1974ರಲ್ಲಿ ಶುರುವಾದದ್ದು. ಮಹಾನಗರ ವಲಯದಲ್ಲಿದ್ದು 50,000 ದಾಟಿದ ಊರಿಗೆ ರಾಜ್ಯದ ಕೈ ತಾಗದೆ ಸಿಗ್ತದೆ. ಕಾಸರಗೋಡು ಅಲ್ಲಿದ್ದರೆ ಜನಸಂಖ್ಯೆಯ ಲೆಕ್ಕದಲ್ಲಿ ಪಾಸು, ಬಾರ್ಡರಿನಲ್ಲಿ!

---

ಬೇಕಲ ಗಾಳಿ

ಇಬ್ಬರೂ ಚೆನ್ನಾಗಿ ಬರೆದಿದ್ದಾರೆ, ಆದರೆ ಮಕ್ಕಳು 'ಅಮೆರಿಕದ ಊರು ಅಂದರೆ ಹೀಗೇ' ಅಂತ ತಿಳಿದಾರು. ಅದೇ ಓಹಾಯೊದಲ್ಲಿ ಟೊಲೆಡೋ ನೋಡಿ, 2020ರಲ್ಲಿ 2,70,871 ಜನ. ಅಲ್ಲಿಯೂ 1936ರಿಂದ ಮ್ಯಾನೇಜರ್ ಇದ್ದ. ಜನರೇ ಮತ ಹಾಕಿ ತೆಗೆದರು, 1994ರಿಂದ ಬಲಿಷ್ಠ ಮೇಯರ್ ಪದ್ಧತಿ. ಈಗ ಅಲ್ಲಿ ಮೇಯರೇ ವಿಭಾಗಗಳ ಯಜಮಾನ, ಬಜೆಟ್ ತರುವವರೂ ಅವರೇ. ಕೌನ್ಸಿಲಿನಲ್ಲಿ 12 ಮಂದಿ: ಆರು ಜನ ವಾರ್ಡಿನಿಂದ, ಆರು ಜನ ಇಡೀ ಊರಿನಿಂದ. ಕೌನ್ಸಿಲಿಗೆ ಬೇರೆ ಅಧ್ಯಕ್ಷರು. ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಎರಡು ಕಾಲಂ ಸಾಲದು, ಮೂರು ಬೇಕು.

ಸಭೆಯ ಕ್ರಮಕ್ಕೆ ಬರುತ್ತೇನೆ. ಶಾಶ್ವತ ಸ್ವರೂಪದ ನಿಯಮ ಆಗಬೇಕಾದರೆ ಓಹಾಯೊದ ಸಾಮಾನ್ಯ ಕಾನೂನಿನಂತೆ ಮೂರು ಬೇರೆ ಬೇರೆ ದಿನ ವಾಚನ. ಮುಕ್ಕಾಲು ಭಾಗ ಸದಸ್ಯರು ಒಪ್ಪಿದರೆ ವಾಚನ ಬಿಟ್ಟು ಒಂದೇ ದಿನ ಪಾಸು ಮಾಡಬಹುದು. ಪಾಸಾದ ಮೇಲೆ 30 ದಿನ ಜಾರಿಯಿಲ್ಲ. ಯಾಕೆಂದರೆ ಆ 30 ದಿನ ಜನರದ್ದು. ಹಿಂದಿನ ಗವರ್ನರ್ ಚುನಾವಣೆಯಲ್ಲಿ ಆ ಊರಿನಲ್ಲಿ ಬಿದ್ದ ಮತದ 10 ಶೇಕಡಾದಷ್ಟು ಸಹಿ ಕೂಡಿಸಿದರೆ ಆ ನಿಯಮ ಜನಮತಕ್ಕೆ ಹೋಗಬೇಕು. ಇದನ್ನು ತಪ್ಪಿಸುವ ಉಪಾಯವೂ ಉಂಟು: 'ತುರ್ತು' ಅಂತ ಕಾರಣ ಬರೆದು ಮೂರನೇ ಎರಡು ಬಹುಮತದಲ್ಲಿ ಪಾಸು ಮಾಡಿದರೆ ಆ ಕ್ಷಣದಿಂದ ಜಾರಿ, ಜನಮತವೂ ಇಲ್ಲ. ಅಜೆಂಡಾದಲ್ಲಿ 'ತುರ್ತು' ಎಷ್ಟು ಸಲ ಬಂದಿದೆ ಅಂತ ಎಣಿಸಿದರೆ ಆ ಕೌನ್ಸಿಲಿನ ಸ್ವಭಾವ ಗೊತ್ತಾಗ್ತದೆ. ಚಾರ್ಟರ್ ಇರುವ ಊರಿನಲ್ಲಿ ಈ ಸಂಖ್ಯೆಗಳು ಬೇರೆ ಇರಬಹುದು, ಅದಕ್ಕೆ ಮೊದಲು ಚಾರ್ಟರ್ ತೆಗೆದು ನೋಡಿ.

ಮತ್ತೊಂದು, ನಮ್ಮವರಿಗೆ ನಂಬಲಿಕ್ಕೆ ಕಷ್ಟ ಆಗುವುದು, ಬಹಿರಂಗ ಸಭೆಯ ಕಾನೂನು. ಬಹುಮತದಷ್ಟು ಸದಸ್ಯರು ಮೊದಲೇ ಗೊತ್ತು ಮಾಡಿಕೊಂಡು ಊರಿನ ಕೆಲಸ ಚರ್ಚಿಸಿದರೆ ಅದು 'ಸಭೆ', ಬಾಗಿಲು ತೆರೆದಿರಬೇಕು. ಐವರ ಕೌನ್ಸಿಲಿನಲ್ಲಿ ಬಹುಮತ ಅಂದರೆ ಮೂವರು. ಮೂವರು ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಟೆಂಡರ್ ಮಾತಾಡಿದರೂ ಕಾನೂನು ಮುರಿದ ಹಾಗೆ. 2016ರಲ್ಲಿ ಒಂದು ಶಾಲಾ ಮಂಡಳಿಯ ಪ್ರಕರಣದಲ್ಲಿ ಓಹಾಯೊ ಸುಪ್ರೀಂ ಕೋರ್ಟು ಇಮೇಲಿನ ಸರಣಿಯೂ ಸಭೆಯಾಗಬಹುದು ಅಂದಿತು. ಸಿನ್ಸಿನಾಟಿಯಲ್ಲಿ ಒಂಬತ್ತರಲ್ಲಿ ಐವರು ಸದಸ್ಯರು ಮೊಬೈಲಿನಲ್ಲಿ ಗುಂಪು ಸಂದೇಶ ಹಾಕಿಕೊಂಡು ನಗರಸಭೆಯ ವಿಷಯ ಮಾತಾಡಿದ್ದಕ್ಕೆ 2018ರಲ್ಲಿ ಕೇಸು ಬಿತ್ತು. ಕೊನೆಗೆ ಆ ಸಂದೇಶಗಳೆಲ್ಲ ಬಯಲಿಗೆ ಬಂದವು, ನಗರಸಭೆ ಒಂದು ಲಕ್ಷಕ್ಕೂ ಹೆಚ್ಚು ಡಾಲರ್ ಕಟ್ಟಿತು. ದಂಡ ಅಂತ ಕಾನೂನಿನಲ್ಲಿರುವುದು ಬರೇ 500 ಡಾಲರ್. ಹೊಡೆತ ಬೀಳುವುದು ವಕೀಲರ ಫೀಸಿನಲ್ಲಿ, ಮತ್ತು ಗುಪ್ತ ಚರ್ಚೆಯಿಂದ ಹುಟ್ಟಿದ ನಿರ್ಣಯವೇ ಬಿದ್ದುಹೋಗುವುದರಲ್ಲಿ. ನಮ್ಮ ಕೌನ್ಸಿಲರ್‌ಗಳ ವಾಟ್ಸಾಪ್ ಗ್ರೂಪಿಗೆ ಈ ಕಾನೂನು ಬಂದರೆ ಹೇಗೆ ಅಂತ ಮಕ್ಕಳ ಹತ್ತಿರ ಚರ್ಚೆ ಮಾಡಿಸಿ.

ಜಾಗದ ಬಳಕೆ ತೀರ್ಮಾನಿಸುವುದು ಕೌನ್ಸಿಲಿನ ಅತ್ಯಂತ ಬಿಸಿಯ ಕೆಲಸ. ಯಾವ ಬೀದಿಯಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ ಅಂತ ನಗರಸಭೆ ಗೆರೆ ಎಳೆಯಬಹುದು ಅಂತ ಅಮೆರಿಕದ ಸುಪ್ರೀಂ ಕೋರ್ಟು ಒಪ್ಪಿದ್ದು 1926ರಲ್ಲಿ, ಅದೂ ಓಹಾಯೊದ ಯೂಕ್ಲಿಡ್ ಅನ್ನುವ ಹಳ್ಳಿಯ ಕೇಸಿನಲ್ಲಿ. ಗೆರೆ ಬದಲಿಸಬೇಕಾದರೆ ಯೋಜನಾ ಸಮಿತಿ ಶಿಫಾರಸು ಮಾಡ್ತದೆ, ಅಕ್ಕಪಕ್ಕದವರಿಗೆ ನೋಟಿಸು ಹೋಗ್ತದೆ, ಬಹಿರಂಗ ವಿಚಾರಣೆ, ಕೊನೆಗೆ ಕೌನ್ಸಿಲಿನ ಮತ. ಒಂದು ಜಾಗದ ಗೆರೆ ಬದಲಾದರೆ ಅದರ ಬೆಲೆ ರಾತ್ರಿ ಬೆಳಗಾಗುವುದರೊಳಗೆ ಏರ್ತದೆ, ಲಂಚ ನುಗ್ಗುವುದು ಇಲ್ಲಿಂದಲೇ. ಆ ಟೊಲೆಡೋದಲ್ಲೇ 2020ರ ಜೂನಿನಲ್ಲಿ 12ರಲ್ಲಿ ನಾಲ್ವರು ಸದಸ್ಯರನ್ನು ಕೇಂದ್ರದ ತನಿಖಾ ಸಂಸ್ಥೆ ಬಂಧಿಸಿತು. ಆರೋಪ, ಜಾಗದ ಅನುಮತಿಯ ಮತಕ್ಕೆ ಹಣ ಪಡೆದದ್ದು.

---

ನುಳ್ಳಿಪ್ಪಾಡಿ ಟೀಚರ್

ಮ್ಯಾನೇಜರನೇ ಕೆಟ್ಟರೆ? ಅಥವಾ ಊರೇ ದಿವಾಳಿಯಾದರೆ? ನಮ್ಮಲ್ಲಾದರೆ ಸರ್ಕಾರ ಕೌನ್ಸಿಲನ್ನೇ ವಿಸರ್ಜಿಸಬಹುದು.

---

ಬೇಕಲ ಗಾಳಿ

ವಿಸರ್ಜಿಸಿದರೂ ಆರು ತಿಂಗಳೊಳಗೆ ಚುನಾವಣೆ ಆಗಬೇಕು ಅಂತ ನಮ್ಮ ಸಂವಿಧಾನವೇ ಹೇಳ್ತದೆ, 74ನೇ ತಿದ್ದುಪಡಿಯ ದಯೆ. ಅಮೆರಿಕದ ಸಂವಿಧಾನದಲ್ಲಿ 'ನಗರ' ಅನ್ನುವ ಶಬ್ದವೇ ಸ್ಥಳೀಯ ಆಡಳಿತದ ಅರ್ಥದಲ್ಲಿ ಇಲ್ಲ. ಊರು ರಾಜ್ಯದ ಸೃಷ್ಟಿ, ರಾಜ್ಯ ಬೇಕಾದರೆ ಗಡಿ ಬದಲಿಸಬಹುದು, ಅಧಿಕಾರ ಕಿತ್ತುಕೊಳ್ಳಬಹುದು ಅಂತ 1907ರಲ್ಲೇ ಸುಪ್ರೀಂ ಕೋರ್ಟು ಹೇಳಿಯಾಗಿದೆ. ಈ ಒಂದು ವಿಷಯದಲ್ಲಿ ಕಾಗದದ ಮೇಲೆ ನಮ್ಮ ಕಾಸರಗೋಡು ನಗರಸಭೆಗೆ ಡೇಟನ್ನಿಗಿಂತ ಹೆಚ್ಚು ರಕ್ಷಣೆ.

ಮಿಶಿಗನ್ನಿನ ಫ್ಲಿಂಟ್ ಊರು ಅದಕ್ಕೆ ಸಾಕ್ಷಿ. ಹಣಕಾಸು ಹದಗೆಟ್ಟಿತು ಅಂತ 2011ರ ಕೊನೆಗೆ ರಾಜ್ಯ ತುರ್ತು ಮ್ಯಾನೇಜರನ್ನು ಕೂರಿಸಿತು. ಅವನನ್ನು ಆರಿಸಿದ್ದು ಕೌನ್ಸಿಲ್ ಅಲ್ಲ, ಅವನು ಉತ್ತರ ಕೊಡಬೇಕಾದದ್ದೂ ಕೌನ್ಸಿಲಿಗೆ ಅಲ್ಲ. 2014ರ ಏಪ್ರಿಲಿನಲ್ಲಿ ಖರ್ಚು ಉಳಿಸ್ಲಿಕ್ಕೆ ಕುಡಿಯುವ ನೀರನ್ನು ಡೆಟ್ರಾಯಿಟಿನಿಂದ ಫ್ಲಿಂಟ್ ನದಿಗೆ ಬದಲಿಸಿದರು. ಕೊಳವೆ ತುಕ್ಕು ಹಿಡಿಯದಂತೆ ಹಾಕಬೇಕಾದ ರಾಸಾಯನಿಕ ಹಾಕಲಿಲ್ಲ, ಹಳೆಯ ಪೈಪಿನ ಸೀಸ ನೀರಿಗೆ ಇಳಿಯಿತು. 2015ರ ಮಾರ್ಚಿನಲ್ಲಿ ಕೌನ್ಸಿಲ್ ಹಳೆಯ ನೀರಿಗೆ ಮರಳಬೇಕು ಅಂತ 7–1ರಲ್ಲಿ ನಿರ್ಣಯ ಮಾಡಿತು. ತುರ್ತು ಮ್ಯಾನೇಜರ್ ಒಪ್ಪಲಿಲ್ಲ. ನಿರ್ಣಯ ಕಾಗದದಲ್ಲೇ ಉಳಿಯಿತು, ನೀರು ಬದಲಾದದ್ದು ಆ ವರ್ಷದ ಅಕ್ಟೋಬರಿನಲ್ಲಿ.

ಮ್ಯಾನೇಜರನೇ ಕೆಡುವುದಕ್ಕೆ ಕ್ಯಾಲಿಫೋರ್ನಿಯಾದ ಬೆಲ್. 40,000 ಕೂಡ ಇಲ್ಲದ ಬಡ ಊರು. 2005ರಲ್ಲಿ ನಾನೂರು ಮತವೂ ಬೀಳದ ಒಂದು ವಿಶೇಷ ಚುನಾವಣೆಯಲ್ಲಿ ಚಾರ್ಟರ್ ಪಾಸಾಯಿತು. ಸದಸ್ಯರ ಸಂಬಳಕ್ಕೆ ರಾಜ್ಯ ಹಾಕಿದ್ದ ಮಿತಿ ಅದರಿಂದ ತಪ್ಪಿಹೋಯಿತು. 2010ರಲ್ಲಿ ಪತ್ರಿಕೆಯವರು ಹುಡುಕಿ ತೆಗೆಯುವಾಗ ಮ್ಯಾನೇಜರನ ಸಂಬಳ ವರ್ಷಕ್ಕೆ ಎಂಟು ಲಕ್ಷ ಡಾಲರಿನ ಹತ್ತಿರ. ಕೌನ್ಸಿಲ್ ಕಾವಲು ಕಾಯಬೇಕಿತ್ತು ಅಲ್ವಾ? ಅದರ ಸದಸ್ಯರ ಸಂಬಳವೂ ಲಕ್ಷದ ಹತ್ತಿರ ಇತ್ತು, ಮತ್ತೆ ಯಾರು ಕೇಳುವುದು! ಮ್ಯಾನೇಜರನಿಗೆ 2014ರಲ್ಲಿ 12 ವರ್ಷ ಜೈಲಾಯಿತು.

---

ಕುಂಬಳೆ ಅನುವಾದ

ನಮ್ಮಂಥ ಭಾಷಾ ಅಲ್ಪಸಂಖ್ಯಾತರ ಊರಿನ ಮಕ್ಕಳಿಗೆ ಇನ್ನೊಂದು ವಿಷಯ ಸೇರಿಸಿ ಟೀಚರ್. ಇಡೀ ಊರೇ ಸೇರಿ ಎಲ್ಲರನ್ನೂ ಆರಿಸುವ ಪದ್ಧತಿಯಲ್ಲಿ 51 ಶೇಕಡಾ ಇರುವ ಗುಂಪು ಐದಕ್ಕೆ ಐದೂ ಸ್ಥಾನ ಹೊಡೆಯಬಹುದು. 30 ಶೇಕಡಾ ಇರುವವರಿಗೆ ಸೊನ್ನೆ. 1986ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇಂಥದ್ದನ್ನು ಪ್ರಶ್ನಿಸುವ ಅಳತೆಗೋಲು ಹಾಕಿಕೊಟ್ಟಿತು. 2002ರಲ್ಲಿ ಕ್ಯಾಲಿಫೋರ್ನಿಯಾ ತನ್ನದೇ ಕಾನೂನು ಮಾಡಿದ ಮೇಲೆ ಅಲ್ಲಿ ಎಷ್ಟೋ ಊರುಗಳು ವಾರ್ಡಿಗೆ ಬದಲಾದವು. ನಿಮ್ಮ 1,425ರ ಅಂಕೆಯ ಇನ್ನೊಂದು ಮುಖ ಇದು. ಸಣ್ಣ ವಾರ್ಡು ಅಂದರೆ ಒಂದೇ ಕಡೆ ಗುಂಪಾಗಿ ಇರುವ ಸಣ್ಣ ಸಮುದಾಯಕ್ಕೂ ಒಂದು ಕುರ್ಚಿ.

ಭಾಷೆಯ ಬಗ್ಗೆ: ಕೇಂದ್ರದ ಮತದಾನ ಹಕ್ಕಿನ ಕಾನೂನಿಗೆ 1975ರಲ್ಲಿ ಸೇರಿಸಿದ ಕಲಮಿನಂತೆ, ಇಂಗ್ಲಿಷ್ ಸರಿಯಾಗಿ ಬಾರದ ಒಂದು ಭಾಷೆಯ ಮತದಾರರು ಒಂದು ಕಡೆ 10,000 ಅಥವಾ 5 ಶೇಕಡಾ ದಾಟಿ, ಅವರಲ್ಲಿ ಐದನೇ ಕ್ಲಾಸು ಮುಗಿಸದವರ ಪ್ರಮಾಣ ದೇಶದ ಸರಾಸರಿಗಿಂತ ಹೆಚ್ಚಿದ್ದರೆ ಮತಪತ್ರ, ನೋಟಿಸು, ಸೂಚನೆ ಎಲ್ಲ ಆ ಭಾಷೆಯಲ್ಲೂ ಕೊಡಬೇಕು. ಆದರೆ ಎಲ್ಲ ಭಾಷೆಗೂ ಅಲ್ಲ, ಸ್ಪ್ಯಾನಿಷ್, ಏಷ್ಯಾದ ಭಾಷೆಗಳು ಮತ್ತು ಮೂಲನಿವಾಸಿಗಳ ಭಾಷೆಗಳಿಗೆ ಮಾತ್ರ. ಅದೂ ಚುನಾವಣೆಗೆ ಅಷ್ಟೇ, ಕೌನ್ಸಿಲಿಗೆ ಬರೆಯುವ ಅರ್ಜಿಗೆ ಅನ್ವಯ ಇಲ್ಲ. ನಮ್ಮಲ್ಲಿ 1969ರ ಕೇರಳ ಕಾನೂನು ಕನ್ನಡದಲ್ಲಿ ಪತ್ರ ವ್ಯವಹಾರದ ಹಕ್ಕು ಕೊಟ್ಟಿತು. ಎರಡನ್ನೂ ಪಕ್ಕ ಪಕ್ಕ ಇಡಿ.

ಮತ್ತೆ ಕನ್ನಡಕ್ಕೆ ತರುವಾಗ ಮೂರು ಗುಂಡಿಗಳು. ಡೇಟನ್ನಿನ ಕೌನ್ಸಿಲಿನ ಹೆಸರು 'ಸಿಟಿ ಕಮಿಷನ್', ಸದಸ್ಯರು 'ಕಮಿಷನರ್'. ನಮ್ಮ ಮಕ್ಕಳು ಕಮಿಷನರ್ ಅಂದ ಕೂಡಲೇ ಅಧಿಕಾರಿ ಅಂದುಕೊಳ್ತಾರೆ, ಅಲ್ಲಿ ಅವರು ಚುನಾಯಿತರು. ಹಾಗಾಗಿ 'ಸದಸ್ಯ' ಅಂತಲೇ ಬರೆಯಿರಿ. ಸಿಟಿ ಮ್ಯಾನೇಜರಿಗೆ ಮಂಗಳೂರು ಕಡೆಯ ಪತ್ರಿಕೆ ನೋಡಿ 'ಪೌರಾಯುಕ್ತ' ಹಾಕಬೇಡಿ, ಅದು ಸರ್ಕಾರ ಕಳುಹಿಸುವ ಹುದ್ದೆ. 'ವ್ಯವಸ್ಥಾಪಕ' ಅಂದರೆ ಬ್ಯಾಂಕಿನ ವಾಸನೆ. 'ಸಿಟಿ ಮ್ಯಾನೇಜರ್' ಅಂತಲೇ ಇರಲಿ. ಮೂರನೆಯದು 'ಆರ್ಡಿನೆನ್ಸ್'. ನಿಘಂಟು ತೆಗೆದು 'ಸುಗ್ರೀವಾಜ್ಞೆ' ಅಂತ ಬರೆದರೆ ರಾಜ್ಯಪಾಲರ ಸಹಿ ಬೇಕಾದೀತು. ಅಲ್ಲಿನ ಆರ್ಡಿನೆನ್ಸ್ ಅಂದರೆ ಮೂರು ಸಲ ಓದಿ ಪಾಸು ಮಾಡಿದ ನಗರಸಭೆಯ ನಿಯಮ, ನಮ್ಮ ಲೆಕ್ಕದಲ್ಲಿ ಬೈಲಾ.

---

ನುಳ್ಳಿಪ್ಪಾಡಿ ಟೀಚರ್

ಸುಗ್ರೀವಾಜ್ಞೆ ಅಂತ ಬರೆದಾಗಿತ್ತು, ಈಗ ಹೊಡೆದು ಹಾಕಿದೆ. ಮೂರು ಕಾಲಂ ಮಾಡ್ತೇನೆ. ಟೊಲೆಡೋ, ಡೇಟನ್ ಎರಡರ ಚಾರ್ಟರ್ ಇಳಿಸಿಕೊಂಡಿದ್ದೇನೆ, 'ತುರ್ತು' ಎಣಿಸುವ ಕೆಲಸ ಒಂಬತ್ತನೇ ಕ್ಲಾಸಿಗೆ.